ಬೆನ್ನಿನ ಮೇಲಣ ಕೂಸು

ಕೂಸನ್ನು ಹೊರುವ ರೀತಿಯು ದೇಶದಿಂದ ದೇಶಕ್ಕೆ ಬೇರೆಯಾದರೂ ಹೊರುವ ಪ್ರೀತಿಯು ಎಲ್ಲೆಡೆಯಲ್ಲಿಯೂ ಒಂದೇ. ದಕ್ಷಿಣ ಆಫ್ರಿಕದ ಜುಲು ಜನಾಂಗದ ತಾಯಿಯು ಮುಂದಕ್ಕೆ ಬಾಗಿ, ಕೂಸನ್ನು ಬೆನ್ನಿನ ಮೇಲೆ ಇರಿಸಿ, ಅದರ ಕಾಲುಗಳು ತನ್ನ ಟೊಂಕದ ಎರಡೂ ಕಡೆಗೆ ಬರುವಂತೆ ಮಾಡಿ, ಬಟ್ಟೆಯನ್ನು ಸುತ್ತಿ ಎದೆಯ ಬಳಿಯಲ್ಲಿ ಬಿಗಿದುಕೊಳ್ಳುತ್ತಾಳೆ. ಬಳಿಕ ನೆಟ್ಟಗೆ ನಿಂತು ತನ್ನ ಕೆಲಸಕ್ಕೆ ನಡೆಯುತ್ತಾಳೆ. ಕೂಸನ್ನು ಹೊರುವ ಈ ಹೊದಿಕೆಗೆ ಅವರು 'ಇಂಬೆಲೆಕೊ' ಎನ್ನುವರು. ಪೂರ್ವಕಾಲದಲ್ಲಿ ಅದನ್ನು ಆಡಿನ ಚರ್ಮದಿಂದ ಮಾಡುತ್ತಿದ್ದರು. ಹುಟ್ಟಿದ ಕೂಸನ್ನು ಕುಲದ ಗತಿಸಿದ ಹಿರಿಯರಿಗೆ ಅರಿಕೆಮಾಡಿ ಮನೆತನಕ್ಕೆ ಸೇರಿಸಿಕೊಳ್ಳುವ ಸಂಸ್ಕಾರಕ್ಕೂ ಅದೇ ಹೆಸರು. ಹೊರುವದೂ ತನ್ನದೆಂದು ಒಪ್ಪಿಕೊಳ್ಳುವದೂ ಅವರಲ್ಲಿ ಒಂದೇ ಮಾತಿನಲ್ಲಿ ಅಡಗಿವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯವರಾದ ನಮಗೆ ಈ ನೋಟವು ಪರಕೀಯವಲ್ಲ. ನಮ್ಮ ತಾಯಂದಿರು ಕೂಸನ್ನು ಬಹುಮಟ್ಟಿಗೆ ಟೊಂಕದ ಮೇಲೆ ಹೊರುವರು. ತಲೆಯ ಮೇಲೆ ಬುತ್ತಿಯೋ ಕಟ್ಟಿಗೆಯ ಹೊರೆಯೋ ಇದ್ದು ದೂರ ನಡೆಯಬೇಕಾದರೆ ಕೆಲವರು ಬೆನ್ನಿಗೆ ಕಟ್ಟಿಕೊಳ್ಳುವರು. ಡೋಣಿ ಹೊಳೆಯ ಎರೆಭೂಮಿಯಲ್ಲಿ ಬಿಳಿಜೋಳದ ಸುಗ್ಗಿ ಬಂದಾಗ ಬೇವಿನ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ಅದರಲ್ಲಿ ಕೂಸನ್ನು ಮಲಗಿಸುವರು. ಮನೆಯಲ್ಲಿ ಅದು ಮಲಗುವ ಕೌದಿಯೂ ಅಜ್ಜಿಯ ಹರಿದ ಸೀರೆಗಳಿಂದ ಹೊಲಿದದ್ದೇ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವೆಗೆ ಹೋಗುವ ಕುಟುಂಬಗಳ ಕೂಸುಗಳು ತಾಯಿಯ ಮೈಗೆ ಅಂಟಿಕೊಂಡೇ ಊರು ಬಿಡುವವು.

ಇದರಿಂದ ನಾವು ಕಲಿಯತಕ್ಕ ಪಾಠಗಳೇನು? ಮೊದಲನೆಯದಾಗಿ, ಬೆನ್ನಿನ ಮೇಲಿನ ಕೂಸಿಗೆ ತಾಯಿಯ ಮುಖವು ಕಾಣದು. ಆದರೂ ಅದು ಅಂಜುವದಿಲ್ಲ. ಅವಳ ಉಸಿರನ್ನೂ ಮೈಯ ಬಿಸಿಯನ್ನೂ ಅರಿತು ನಿದ್ರೆಹೋಗುವದು. ದುಃಖದ ದಿನಗಳಲ್ಲಿ ದೇವರ ಮುಖವು ನಮಗೆ ಮರೆಯಾದಂತೆ ತೋರಬಹುದು. ಮುಖ ಕಾಣದಿರುವದರಿಂದಲೇ ಆತನು ನಮ್ಮನ್ನು ಬಿಟ್ಟುಬಿಟ್ಟನೆಂದು ತಿಳಿಯಬಾರದು. ನಾವು ಆತನ ಬೆನ್ನಿನ ಮೇಲೆಯೇ ಇರಬಹುದು.

ಎರಡನೆಯದಾಗಿ, ಹೊರುವವರು ಯಾರೆಂಬುದನ್ನು ಮರೆಯಬಾರದು. ಯೆಶಾಯನ ಪ್ರವಾದನೆಯ 46ನೆಯ ಅಧ್ಯಾಯದಲ್ಲಿ ಬಾಬೆಲಿನ ವಿಗ್ರಹಗಳು ದಣಿದ ಪಶುಗಳ ಮೇಲೆ ಹೊರೆಯಾಗಿ ಸಾಗುವವು. ಜೀವವುಳ್ಳ ದೇವರಾದರೋ ತನ್ನ ಜನರನ್ನು ಗರ್ಭದಿಂದ ನರೆಗೂದಲಿನ ವರೆಗೂ ತಾನೇ ಹೊರುತ್ತಾನೆ. ಭಕ್ತಿಯೆಂಬುದು ಹೊತ್ತು ದಣಿಯತಕ್ಕ ಭಾರವಲ್ಲ, ಹೊರಿಸಿಕೊಂಡವರ ಕೃತಜ್ಞತೆ.

ಮೂರನೆಯದಾಗಿ, ತಾಯಿಯು ಕೂಸನ್ನು ಕಡೆಯ ವರೆಗೂ ಕಟ್ಟಿಕೊಂಡಿರುವದಿಲ್ಲ. ಕಾಲು ಬಲಿತಾಗ ನೆಲಕ್ಕೆ ಇಳಿಸಿ ಕೈಹಿಡಿದು ನಡಿಸುವಳು. ಹೊರುವದರ ಉದ್ದೇಶವೇ ನಡೆಯಿಸುವದು.

ಇಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಬೇಕಾಗಿದೆ. ನಮ್ಮ ಸೀಮೆಯಲ್ಲಿ ಕೂಸನ್ನು ಹೊರುವವಳು ಯಾವಾಗಲೂ ತಾಯಿಯೇ ಅಲ್ಲ. ತಾಯಿಯು ಕೂಲಿಗೆ ಹೋದಾಗ ಹತ್ತು ಹನ್ನೆರಡು ವರುಷದ ಅಕ್ಕನ ಟೊಂಕವೇ ತೊಟ್ಟಿಲಾಗುವದುಂಟು. ಅಕ್ಕನು ತಮ್ಮನನ್ನು ಎತ್ತಿ ಆಡಿಸುವದು ಚಂದವೇ ಸರಿ. ಆದರೆ ಶಾಲೆಯ ಗಂಟೆಯಾದ ಮೇಲೆಯೂ ಅವಳು ಅಂಗಳದಲ್ಲಿಯೇ ನಿಂತಿದ್ದರೆ, ಒಂದು ಕೂಸನ್ನು ಹೊರುವದಕ್ಕಾಗಿ ಇನ್ನೊಂದು ಕೂಸನ್ನು ದಾರಿಯಲ್ಲಿ ಇಳಿಸಿಬಿಟ್ಟಂತಾಯಿತು. ತಾಯಿಯನ್ನು ದೂರುವದೂ ನ್ಯಾಯವಲ್ಲ. ಕೂಲಿ ತಪ್ಪಿದರೆ ಆ ಮನೆಯಲ್ಲಿ ರೊಟ್ಟಿ ತಪ್ಪುವದು.

ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದೂ, ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಎರಡನ್ನೂ ಹೇಳಿದ್ದಾನೆ. ಓದು ಬಾಲಕಿಯ ಸ್ವಂತ ಹೊರೆ. ಅದನ್ನು ಅವಳೇ ಹೊರಲಿ. ಮನೆಯ ಬಡತನವು ಅವಳೊಬ್ಬಳ ಹೊರೆಯಲ್ಲ. ಅದಕ್ಕೆ ನಾವೆಲ್ಲರೂ ಹೆಗಲು ಕೊಡೋಣ. 6ರಿಂದ 14 ವರುಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರ ಕಾಯಿದೆಯು ಹೇಳುತ್ತದೆ. ಅಂಗನವಾಡಿಗಳ ಯೋಜನೆಯು 1975ರಲ್ಲಿಯೇ ಆರಂಭವಾಯಿತು. ದುಡಿಯುವ ತಾಯಂದಿರ ಎಳೆಯ ಕೂಸುಗಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವ ಯೋಜನೆಯನ್ನು ಕರ್ನಾಟಕ ಸರಕಾರವು 2023ರಲ್ಲಿ ಕೈಕೊಂಡಿತು. ಆದರೆ ಅವುಗಳ ಬಾಗಿಲಿನ ವರೆಗೆ ಕೂಸನ್ನು ತಲುಪಿಸುವವರು ಬೇಕಲ್ಲವೇ?

ಆದುದರಿಂದ ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಓಣಿಯಲ್ಲಿ ಶಾಲೆಯ ಹೊತ್ತಿನಲ್ಲಿ ಕೂಸನ್ನೆತ್ತಿಕೊಂಡು ನಿಂತ ಬಾಲಕಿಯನ್ನು ಕಂಡರೆ ಸುಮ್ಮನೆ ದಾಟಿಹೋಗಬೇಡಿರಿ. ಅವಳ ತಾಯಿಯ ಸಂಗಡ ಸಮಾಧಾನದಿಂದ ಮಾತನಾಡಿರಿ. ಸಾಧ್ಯವಾದರೆ ಆ ಕೂಸನ್ನು ನಾಲ್ಕು ತಾಸು ನೀವೇ ನೋಡಿಕೊಳ್ಳಿರಿ. ಮಾನ್ಯ ಪಾಲಕರೇ, ಮಗನ ಪುಸ್ತಕದ ಚೀಲಕ್ಕೆ ಕೊಡುವಷ್ಟೇ ಮನ್ನಣೆಯನ್ನು ಮಗಳ ಚೀಲಕ್ಕೂ ಕೊಡಿರಿ. ನಮ್ಮನ್ನು ಹೊತ್ತ ತಾಯಂದಿರ ಋಣವನ್ನು ನಾವು ಅವರಿಗೆ ಹಿಂದಿರುಗಿ ಕೊಡಲಾರೆವು. ಮುಂದಿನವರನ್ನು ಹೊತ್ತಾದರೂ ಅದನ್ನು ಅಷ್ಟಿಷ್ಟು ಸಲ್ಲಿಸೋಣ. ಎಲ್ಲರನ್ನೂ ಹೊರುವ ಕರ್ತನು ಅದಕ್ಕೆ ಬೇಕಾದ ಬಲವನ್ನು ನಮಗೆ ಅನುಗ್ರಹಿಸಲಿ.