ಕಬ್ಬಿಣದ ನಡುವೆ ಹಸಿದ ಬಳ್ಳಿ

ವಿಜಯಪುರ ನಗರದ ಪಶ್ಚಿಮಕ್ಕಿರುವ ತಿಕೋಟಾ ಮತ್ತು ನೈಋತ್ಯಕ್ಕಿರುವ ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿ ತೋಟಗಳಲ್ಲಿ ಚಿಗುರೆಲೆಗಳು ಹಳದಿಯಾಗಿ, ಅವುಗಳ ನರಗಳು ಮಾತ್ರ ಹಸಿರು ಬಲೆಯಂತೆ ಉಳಿಯುವುದು ಕಬ್ಬಿಣದ ಕೊರತೆಯ ಲಕ್ಷಣವೆಂಬುದು ಬೆಳೆಗಾರರಿಗೆ ಹೊಸ ವಿಷಯವೇನಲ್ಲ. ಆದರೆ ಆ ಬಳ್ಳಿ ಬೇರೂರಿರುವ ಎರೆ ಮತ್ತು ಮಡ್ಡಿ ಭೂಮಿಗಳು ದಖನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆ ಸವೆದು ಆದವು. ಬಸಾಲ್ಟ್‌ನಲ್ಲಿ ಕಬ್ಬಿಣ ಹೇರಳವಾಗಿರುವುದರಿಂದ, ಒಂದು ಬಳ್ಳಿಗೆ ವರ್ಷಕ್ಕೆ ಬೇಕಾಗುವ, ಕೆಲವೇ ಗ್ರಾಂಗಳನ್ನೂ ಮೀರದಷ್ಟು ಕಬ್ಬಿಣ ಅದರ ಬೇರುಗಳ ಸುತ್ತಲಿನ ಮಣ್ಣಿನಲ್ಲಿ ಎಂದೂ ತೀರುವಂಥದ್ದಲ್ಲ. ಇಷ್ಟಿದ್ದೂ ಬಳ್ಳಿ ಹಸಿಯುವುದಕ್ಕೆ ಕಾರಣ ಮಣ್ಣಿನ ರಸಸಾರ, ಅಂದರೆ ಪಿಎಚ್.

ಡೆನ್ಮಾರ್ಕ್‌ನ ರಸಾಯನ ವಿಜ್ಞಾನಿ ಸೋರೆನ್ ಸೋರೆನ್‌ಸೆನ್ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ 1909ರಲ್ಲಿ ರೂಪಿಸಿದ ಈ ಅಳತೆಯಲ್ಲಿ 7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ; ಒಂದೊಂದು ಅಂಕೆಯ ಏರಿಳಿತವೂ ಹತ್ತು ಪಟ್ಟು ವ್ಯತ್ಯಾಸವನ್ನು ಸೂಚಿಸುತ್ತದೆ. ಕಬ್ಬಿಣದ ವಿಷಯದಲ್ಲಿ ಇದು ಇನ್ನೂ ತೀವ್ರ: ಗಾಳಿಯಾಡುವ ಮಣ್ಣಿನಲ್ಲಿ ಅದು ತಾಳುವ ಫೆರಿಕ್ ರೂಪವು ಪಿಎಚ್ ಒಂದು ಅಂಕೆ ಏರಿದೊಡನೆ ಸುಮಾರು ಸಾವಿರ ಪಟ್ಟು ಕಡಿಮೆ ಕರಗುತ್ತದೆ. ಸುಣ್ಣದ ಹರಳುಗಳು ಬೆರೆತ ಇಲ್ಲಿಯ ಮಣ್ಣಿನ ಪಿಎಚ್ 8ನ್ನು ದಾಟುವುದು ಸಾಮಾನ್ಯವಾದ್ದರಿಂದ, ಅದರಲ್ಲಿರುವ ಕಬ್ಬಿಣ ಬಹುಮಟ್ಟಿಗೆ ತುಕ್ಕಾಗಿಯೇ ಉಳಿಯುತ್ತದೆ. ಬಳ್ಳಿಯ ಬೇರು ಸುಮ್ಮನಿರುವುದಿಲ್ಲ. ಆಮ್ಲವನ್ನು ಹೊರಬಿಟ್ಟು ತನ್ನ ಸುತ್ತಲಿನ ತೆಳುವಾದ ಪದರದ ಪಿಎಚ್ ಇಳಿಸುತ್ತದೆ, ಫೆರಿಕ್ ಕಬ್ಬಿಣವನ್ನು ಕರಗುವ ಫೆರಸ್ ರೂಪಕ್ಕೆ ತಂದು ಹೀರುತ್ತದೆ. ಸುಣ್ಣ ಕರಗಿ ಉಂಟಾಗುವ ಬೈಕಾರ್ಬೊನೇಟ್ ಈ ಆಮ್ಲವನ್ನು ಹುಟ್ಟಿದಲ್ಲಿಯೇ ಅಳಿಸಿಬಿಡುವುದರಿಂದ ಬೇರಿನ ಈ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಮಳೆ ಹೆಚ್ಚಾಗಿ ಮಣ್ಣು ಬಹಳ ದಿನ ತೇವವಾಗಿ ಉಳಿದಾಗ, ಬೇರುಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗಲಾರದೆ ಬೈಕಾರ್ಬೊನೇಟನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸೆಪ್ಟೆಂಬರ್ ಮಳೆಯ ಬೆನ್ನಿಗೆ ಬರುವ ಅಕ್ಟೋಬರ್ ಚಾಟ್ನಿಯ, ಅಂದರೆ ಕಡ್ಡಿ ಸವರುವಿಕೆಯ, ನಂತರ ಒಡೆದ ಚಿಗುರು ಹಳದಿಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಹಳದಿ ಎಲ್ಲಿ ಮೊದಲು ಕಾಣುತ್ತದೆ ಎಂಬುದೇ ರೋಗನಿರ್ಣಯದ ಮೊದಲ ಹೆಜ್ಜೆ. ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಮೆಗ್ನೀಸಿಯಂ ಗಿಡದೊಳಗೆ ಚಲಿಸಬಲ್ಲವಾದ್ದರಿಂದ, ಅವು ಕಡಿಮೆಯಾದಾಗ ಬಳ್ಳಿ ಹಳೆಯ ಎಲೆಗಳಿಂದ ಅವುಗಳನ್ನು ಹಿಂತೆಗೆದು ಚಿಗುರಿಗೆ ಕೊಡುತ್ತದೆ, ಹಾಗಾಗಿ ಲಕ್ಷಣ ಕೆಳಗಿನ ಎಲೆಗಳಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಸುಣ್ಣ ಮತ್ತು ಬೋರಾನ್ ಹಾಗೆ ಸುಲಭವಾಗಿ ಸ್ಥಳ ಬದಲಿಸಲಾರವು, ಆದ್ದರಿಂದ ಅವುಗಳ ಕೊರತೆ ತುದಿಯಲ್ಲಿ ತೋರುತ್ತದೆ. ಕಬ್ಬಿಣದ್ದೂ ಮೆಗ್ನೀಸಿಯಂನದ್ದೂ ನರಗಳ ನಡುವಿನ ಹಳದಿಯೇ, ಆದರೆ ಒಂದು ತುದಿಯಲ್ಲಿ, ಇನ್ನೊಂದು ಬುಡದಲ್ಲಿ. ಹೆಚ್ಚು ಮೋಸ ಮಾಡುವುದು ಎಲೆಯಂಚಿನ ಸುಡುವಿಕೆ: ಪೊಟ್ಯಾಷ್ ಕಡಿಮೆಯಾದರೂ ಅಂಚು ಒಣಗುತ್ತದೆ, ಕೊಳವೆಬಾವಿಯ ಉಪ್ಪುನೀರಿನಿಂದ ಸೋಡಿಯಂ ಹಾಗೂ ಕ್ಲೋರೈಡ್ ಎಲೆಯಲ್ಲಿ ಸೇರಿದರೂ ಅಂಚು ಒಣಗುತ್ತದೆ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಅಗ್ಗದ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುರಿದರೆ, ಅದರಲ್ಲಿಯೂ ಕ್ಲೋರೈಡ್ ಇರುವುದರಿಂದ ಸುಡುವಿಕೆ ಹೆಚ್ಚುತ್ತದೆ. ಇಂಥ ತಪ್ಪಿಗೆ ಬೆಳೆಗಾರ ಗೊಬ್ಬರದ ಬೆಲೆಯನ್ನೂ ಬೆಳೆಯನ್ನೂ ಒಟ್ಟಿಗೆ ತೆರಬೇಕಾಗುತ್ತದೆ.

ಕಬ್ಬಿಣದ ಮಟ್ಟಿಗೆ ಸಂದೇಹ ಪರಿಹರಿಸಿಕೊಳ್ಳಲು ಹಳೆಯದೊಂದು ಸರಳ ಪರೀಕ್ಷೆಯಿದೆ. ಫ್ರಾನ್ಸಿನ ಯೂಸೆಬ್ ಗ್ರಿ ಎಂಬವರು 1840ರ ದಶಕದಲ್ಲಿಯೇ ಕಬ್ಬಿಣದ ಲವಣದ ದ್ರಾವಣ ತಗುಲಿದ ಹಳದಿ ಎಲೆ ಮತ್ತೆ ಹಸಿರಾಗುವುದನ್ನು ತೋರಿಸಿದ್ದರು. ಲೀಟರ್ ನೀರಿಗೆ 2 ಗ್ರಾಂನಷ್ಟು ಫೆರಸ್ ಸಲ್ಫೇಟ್ ಕರಗಿಸಿ, ಹಳದಿ ಎಲೆಯ ಒಂದು ಅರ್ಧಕ್ಕೆ ಮಾತ್ರ ಕುಂಚದಿಂದ ಹಚ್ಚಿ ಕೆಲವು ದಿನ ಕಾದಾಗ, ಹಚ್ಚಿದ ಭಾಗ ಹಸಿರಿಗೆ ತಿರುಗಿದರೆ ಕೊರತೆ ಕಬ್ಬಿಣದ್ದೇ. ಪ್ರಯೋಗಾಲಯದ ವರದಿಗಿಂತ ಇದು ಕೆಲವೊಮ್ಮೆ ಹೆಚ್ಚು ನಂಬಲರ್ಹ, ಏಕೆಂದರೆ ಹಳದಿ ಎಲೆಯಲ್ಲಿರುವ ಒಟ್ಟು ಕಬ್ಬಿಣ ಹಸಿರು ಎಲೆಯಲ್ಲಿರುವಷ್ಟೇ ಇದ್ದು, ಬಳಕೆಗೆ ಬಾರದ ರೂಪದಲ್ಲಿ ಸಿಕ್ಕಿಕೊಂಡಿರಬಹುದು. ಉಳಿದ ಪೋಷಕಗಳಿಗೆ ಎಲೆತೊಟ್ಟಿನ ಪರೀಕ್ಷೆಯೇ ಸರಿ: ಏಪ್ರಿಲ್ ಚಾಟ್ನಿಯಾಗಿ ಸುಮಾರು 45 ದಿನಗಳಾದಾಗ ಕಡ್ಡಿಯ ಬುಡದಿಂದ ಐದನೆಯ ಎಲೆಯ ತೊಟ್ಟನ್ನು, ಅಕ್ಟೋಬರ್ ಚಾಟ್ನಿಯ ನಂತರ ಹೂ ಬಿಡುವಾಗ ಗೊಂಚಲಿನ ಎದುರಿನ ಎಲೆಯ ತೊಟ್ಟನ್ನು ತೋಟದ ತುಂಬ ಆರಿಸಿ ಕಳಿಸಬೇಕು. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇಂಥ ವಿಶ್ಲೇಷಣೆಯ ಮಾನದಂಡಗಳನ್ನು ನಮ್ಮ ಹವೆಗೆ ಹೊಂದಿಸಿಕೊಟ್ಟಿದೆ.

ಬಳ್ಳಿಯ ಬೇರು ಯಾವುದು ಎಂಬುದನ್ನೂ ಕೇಳಬೇಕಾಗುತ್ತದೆ. ಇಲ್ಲಿಯ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಬಂದ ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್ ತಳಿಗಳನ್ನು ಬರ ಮತ್ತು ಉಪ್ಪನ್ನು ತಾಳಲೆಂದು ಹೆಚ್ಚಾಗಿ ಡಾಗ್‌ರಿಜ್ ಬೇರುಕಾಂಡಕ್ಕೆ ಕಸಿ ಮಾಡಲಾಗುತ್ತದೆ. ಇದು ಅಮೆರಿಕದ ಟೆಕ್ಸಾಸಿನ ಕಾಡುದ್ರಾಕ್ಷಿಯ ಕುಲದ್ದು, ಆರಿಸಿದವರು ಅಲ್ಲಿಯ ಟಿ. ವಿ. ಮನ್ಸನ್. ಫಿಲಾಕ್ಸೆರಾ ಕೀಟ ಫ್ರಾನ್ಸಿನ ದ್ರಾಕ್ಷಿಯನ್ನು ನಾಶಮಾಡಿದಾಗ ತಂದ ಅಮೆರಿಕದ ಬೇರುಗಳು ಸುಣ್ಣದ ನೆಲದಲ್ಲಿ ಹಳದಿಯಾಗಿ ಸೊರಗಿದವು. 1887ರಲ್ಲಿ ಪಿಯೆರ್ ವಿಯಾಲಾ ಸುಣ್ಣಕ್ಕೆ ಒಗ್ಗಿದ ಬಳ್ಳಿಯನ್ನು ಹುಡುಕುತ್ತ ಅಮೆರಿಕಕ್ಕೆ ಹೋದಾಗ, ಟೆಕ್ಸಾಸಿನ ಸುಣ್ಣಕಲ್ಲಿನ ಬೆಟ್ಟಗಳನ್ನು ತೋರಿಸಿದವರೂ ಇದೇ ಮನ್ಸನ್. ತಿಕೋಟಾದ ಬೆಳೆಗಾರ ಇಂದು ಎದುರಿಸುವ ಹಳದಿ, ಆ ಕಾಲದ ಫ್ರೆಂಚ್ ರೈತನನ್ನು ಕಾಡಿದ ಹಳದಿಯೇ.

ಮಣ್ಣಿಗೆ ಆಮ್ಲ ಹಾಕಿ ಪಿಎಚ್ ಇಳಿಸಿಬಿಡಬಹುದಲ್ಲ ಎಂಬ ಸಲಹೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಎಕರೆಯೊಂದರ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಸುಣ್ಣದ ಅಂಶ ಶೇಕಡ 1ರಷ್ಟೇ ಇದ್ದರೂ 9 ಟನ್ ಆಯಿತು, ಅದನ್ನು ಅಳಿಸಲು ಹೆಚ್ಚುಕಡಿಮೆ ಅಷ್ಟೇ ಗಂಧಕಾಮ್ಲ ಬೇಕು. ಇಲ್ಲಿಯ ಎಷ್ಟೋ ಹೊಲಗಳಲ್ಲಿ ಸುಣ್ಣ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಇಡೀ ಮಣ್ಣನ್ನು ಬಿಟ್ಟು ಬೇರಿನ ಸುತ್ತಲಿನ ಜಾಗವನ್ನಷ್ಟೇ ನೋಡಿಕೊಳ್ಳುವುದು ಜಾಣತನ: ಹನಿ ನೀರಾವರಿಯ ನೀರಿನಲ್ಲಿರುವ ಬೈಕಾರ್ಬೊನೇಟನ್ನು ಆಮ್ಲದಿಂದ ತಗ್ಗಿಸುವುದು, ತಿಪ್ಪೆಗೊಬ್ಬರ ಕೊಡುವುದು, ಮಣ್ಣಿಗೆ ಕಬ್ಬಿಣ ಕೊಡುವುದಾದರೆ ಚೀಲೇಟ್ ರೂಪದಲ್ಲಿ, ಅಂದರೆ ಲೋಹವನ್ನು ಹಿಡಿದಿಟ್ಟು ತುಕ್ಕಾಗಲು ಬಿಡದ ಸಾವಯವ ಅಣುವಿನೊಡನೆ ಕೊಡುವುದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಚೀಲೇಟ್ ಪಿಎಚ್ 6.5 ದಾಟಿದ ಮೇಲೆ ಕಬ್ಬಿಣವನ್ನು ಕೈಬಿಡತೊಡಗುತ್ತದೆ, ದುಬಾರಿಯಾದ ಇಡಿಡಿಎಚ್ಎ ಮಾತ್ರ 8ರ ಆಚೆಗೂ ಹಿಡಿದಿರುತ್ತದೆ. ಈ ವ್ಯತ್ಯಾಸವನ್ನು ಪೊಟ್ಟಣದ ಮೇಲೆ ಓದಿ ಕೊಳ್ಳುವುದು ಅತ್ಯಗತ್ಯ.

ಇದಕ್ಕೆಲ್ಲ ಬೇಕಾದ ಪಿಎಚ್ ಮೀಟರ್ ಕೂಡ ಹಣ್ಣಿನ ತೋಟದ ಕೂಸೇ: ಆರ್ನಾಲ್ಡ್ ಬೆಕ್‌ಮನ್ 1934ರಲ್ಲಿ ಅದನ್ನು ಕಟ್ಟಿದ್ದು ಕ್ಯಾಲಿಫೋರ್ನಿಯಾದ ನಿಂಬೆರಸದ ಹುಳಿಯನ್ನು ಅಳೆಯಲು. ಅದರ ತುದಿಯ ತೆಳುಗಾಜು ಒಣಗಿದರೆ ಅಂಕೆ ತಪ್ಪುತ್ತದೆ, ಆದ್ದರಿಂದ ಅದನ್ನು ಸದಾ ಒದ್ದೆಯಾಗಿಟ್ಟು, ಪಿಎಚ್ ಗೊತ್ತಿರುವ ಬಫರ್ ದ್ರಾವಣಗಳಿಂದ ಆಗಾಗ ಸರಿಹೊಂದಿಸಬೇಕು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಸೀಮೆಗೆ ಬಂದ ಮೇಲೆ ಒಂದೇ ತೋಟಕ್ಕೆ ಒಮ್ಮೆ ಹೊಳೆಯ ನೀರು, ಒಮ್ಮೆ ಕೊಳವೆಬಾವಿಯ ನೀರು ಹರಿಯುವುದುಂಟು. ಎರಡರ ಬೈಕಾರ್ಬೊನೇಟ್ ಬೇರೆಬೇರೆಯಾದ್ದರಿಂದ, ಒಂದಕ್ಕೆ ಲೆಕ್ಕ ಹಾಕಿದ ಆಮ್ಲದ ಪ್ರಮಾಣವನ್ನು ಇನ್ನೊಂದಕ್ಕೆ ಬಳಸದೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕಾಗುತ್ತದೆ.