ಸಿಂಗಳೀಕದ ದರ್ಶನ

ಕಾರ್ಕಳದ ಗೊಮ್ಮಟನ ಬೆಟ್ಟವನ್ನೇರಿ ಮೂಡಣಕ್ಕೆ ಕಣ್ಣು ಹಾಯಿಸಿದರೆ ಸಹ್ಯಾದ್ರಿಯ ನೀಲಿ ಗೋಡೆ ಕಾಣುತ್ತದೆ. 1432ರಲ್ಲಿ ಪ್ರತಿಷ್ಠೆಗೊಂಡ ಆ ಮಹಾಮೂರ್ತಿಯ ಮೈಮೇಲಿನ ಕಲ್ಲುಬಳ್ಳಿಯನ್ನು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ತೋರಿಸುತ್ತ ಬಂದ ನಾನು, ನಿಜವಾದ ಬಳ್ಳಿ ಹಬ್ಬುವ ಆ ಕಾಡಿನೊಳಕ್ಕೆ ಕಾಲಿಟ್ಟವನಲ್ಲ. ಕಪಿ, ಕೋಡಗ, ಮುಸುವ, ಸಿಂಗಳೀಕ ಎಂಬ ಮಾತುಗಳಿಗೆಲ್ಲ ತರಗತಿಯಲ್ಲಿ ಅರ್ಥ ಹೇಳಿದ್ದೇನೆ. ಸಿಂಗಳೀಕವನ್ನು ಮಾತ್ರ ನಿಘಂಟಿನಲ್ಲಲ್ಲದೆ ಬೇರೆಲ್ಲಿಯೂ ಕಂಡಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಮಣಿಪಾಲದ ಕೆಲವು ವಿದ್ಯಾರ್ಥಿಗಳು ಕಾಡು ಸುತ್ತಲು ಹೊರಟಾಗ ನಾನೂ ಜೊತೆಗೂಡಿದೆ. ಹೆಬ್ರಿಯನ್ನು ದಾಟಿ, ಆಗುಂಬೆಯ ಘಟ್ಟದ ತಪ್ಪಲಿನ ಸೋಮೇಶ್ವರ ಅಭಯಾರಣ್ಯಕ್ಕೆ ಬೆಳಗಾಗುವಾಗಲೇ ತಲಪಿದೆವು. ಅರಣ್ಯ ಇಲಾಖೆಯ ಅಪ್ಪಣೆಯಾಗಿತ್ತು. ದಾರಿ ತೋರಲು ಊರಿನವನೇ ಒಬ್ಬ ಬಂದ. ಅವನು ಮೊದಲು ಮಾಡಿದ ಕೆಲಸವೆಂದರೆ ನನ್ನ ಚೀಲದಲ್ಲಿದ್ದ ಬಾಳೆಹಣ್ಣನ್ನು ಜೀಪಿನಲ್ಲಿಯೇ ಇಡಿಸಿದ್ದು. ಮೇಷ್ಟರ ಮುಖ ಚಿಕ್ಕದಾಯಿತೆಂದು ಬೇರೆ ಹೇಳಬೇಕೆ?

ಎರಡು ಗಂಟೆಯ ಕಾಲ ನಡೆದೆವು. ಮಂಗಟ್ಟೆಯ ರೆಕ್ಕೆಯ ಸದ್ದು ಕೇಳಿತು; ಕೆಂದಳಿಲೊಂದು ಕೊಂಬೆಯಿಂದ ಕೊಂಬೆಗೆ ನೆಗೆಯಿತು. ಆಮೇಲೆ ಮನುಷ್ಯರು ಕೂಗಿದಂತೆ ಒಂದು ದನಿ. ದಾರಿ ತೋರುವವನು ಕೈಯೆತ್ತಿ ನಿಲ್ಲಿಸಿದ. ಮರದ ನೆತ್ತಿಯಲ್ಲಿ ಕಪ್ಪು ಮೈ, ಮುಖದ ಸುತ್ತ ಬೆಳ್ಳಿಯ ಕೇಸರ! ಇದಕ್ಕೆ ಸಿಂಹದ ಹೆಸರು ಬಂದದ್ದು ಕೇಸರದಿಂದಲ್ಲ, ಬಾಲದ ತುದಿಯ ಕುಚ್ಚಿನಿಂದ ಎಂಬುದನ್ನು ಆಗ ಕಣ್ಣಾರೆ ಕಂಡೆ. ಎದೆಗವಚಿದ ಮರಿಯೊಡನೆ ತಾಯಿಯೊಂದು ಹಣ್ಣು ಬಿಡಿಸುತ್ತಿತ್ತು. ನಮ್ಮನ್ನು ಒಮ್ಮೆ ನೋಡಿ, ಪುನಃ ತನ್ನ ಕೆಲಸಕ್ಕೆ ತೊಡಗಿತು.

ಬಾಲವಿಲ್ಲದ ವಾನರ ನಮ್ಮ ದೇಶದಲ್ಲಿ ಈಶಾನ್ಯದ ಕಾಡುಗಳ ಹೂಲಾಕ್ ಗಿಬ್ಬನ್ ಒಂದೇ. ಸಿಂಗಳೀಕವಾದರೋ ಪಶ್ಚಿಮಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲ. ಉಳಿದಿರುವುದು ಕೆಲವೇ ಸಾವಿರ. ಕೋಟದ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1983-84ರಲ್ಲಿ ಇವುಗಳ ನೆಲೆಗಳನ್ನು ಹುಡುಕಿ ಅಳೆದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದುದರ ಹಿಂದೆ ಆ ಶ್ರಮವೂ ಇದೆ. ಇವು ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗಿದ ಚಪ್ಪರವೇ ಇವುಗಳ ಹೆದ್ದಾರಿ. ನಡುವೆ ಒಂದು ರಸ್ತೆ ಅಗಲವಾಗಿ ಹಾದರೆ ಆ ಊರು ಎರಡಾಗಿ ಸೀಳಿದಂತೆ. ಒಂದು ತಾಯಿ ಮರಿ ಹಾಕುವುದು ಎರಡು ಮೂರು ವರ್ಷಕ್ಕೊಮ್ಮೆ, ಅದೂ ಒಂದನ್ನೇ. ಹೋದುದು ಬೇಗನೆ ತುಂಬಿ ಬರುವುದಿಲ್ಲ.

ಹಿಂದಿರುಗುವಾಗ ಬಾಳೆಹಣ್ಣಿನ ಮಾತೆತ್ತಿದೆ. "ಹಣ್ಣಿನ ರುಚಿ ಹತ್ತಿದ ಮಂಗ ರಸ್ತೆಗಿಳಿಯುತ್ತದೆ, ಸಾರ್. ಆಮೇಲೆ ಗಾಡಿಯ ಚಕ್ರ ಅದನ್ನು ಕೇಳುತ್ತದೆಯೆ?" ಎಂದ. ನಾನು ಮಾತಾಡಲಿಲ್ಲ. ಆಗುಂಬೆಯ ತಿರುವುಗಳಲ್ಲಿ ಕಾರು ನಿಲ್ಲಿಸಿ, ಪುಣ್ಯವೆಂದೇ ಭಾವಿಸಿ, ನನ್ನ ಮಕ್ಕಳ ಕೈಯಿಂದ ಮಂಗಗಳಿಗೆ ಹಣ್ಣು ಎಸೆಯಿಸಿದ್ದು ಎಷ್ಟು ಸಲವೋ!

ಮನೆಗೆ ಬಂದ ರಾತ್ರಿ ಮಕ್ಕಳನ್ನು ಕರೆದು ಅದನ್ನು ಹೇಳಿದೆ. ಪಾಠ ಹೇಳುವುದು ನನ್ನ ಕಸುಬು. ಆದರೂ ಆ ಒಂದು ಪಾಠವನ್ನು ಹೇಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.