ಗುರುಪುರದ ಕಹಳೆ: ನಾಡು ಕಳೆದುಕೊಂಡವರ ಉಸಿರು

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಅನೇಕ ದೇಶಗಳ ವಾದ್ಯವೃಂದಗಳು ಉಕ್ರೇನಿನ ರಾಷ್ಟ್ರಗೀತೆ ನುಡಿಸಿ ಆ ಜನರಿಗೆ ಗೌರವ ಸಲ್ಲಿಸಿದವು. ಆಪತ್ತಿಗೆ ಸಿಲುಕಿದ ಜನರಿಗೆ ಸಂಗೀತವು ತಮ್ಮತನವನ್ನು ಉಳಿಸಿಕೊಳ್ಳುವ ದಾರಿಯೂ ಹೌದು. ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ, ಗುರುಪುರಕ್ಕೆ ಹೋದರೆ ಸಾಕು. ಮಂಗಳೂರಿನ ಬಳಿಯ ನಮ್ಮ ಗುರುಪುರವಲ್ಲ, ಮೈಸೂರು ಜಿಲ್ಲೆ ಹುಣಸೂರು ತಾಲೂಕಿನ ಗುರುಪುರ.

1959ರಲ್ಲಿ ಲ್ಹಾಸಾದಲ್ಲಿ ಚೀನಾ ಆಡಳಿತದ ವಿರುದ್ಧ ಎದ್ದ ದಂಗೆಯನ್ನು ಹತ್ತಿಕ್ಕಿದಾಗ ದಲಾಯಿ ಲಾಮಾ ಅವರೂ ಸಾವಿರಾರು ಟಿಬೆಟನ್ನರೂ ಭಾರತಕ್ಕೆ ಬಂದರು. ನಮ್ಮ ರಾಜ್ಯವು ಬೈಲಕುಪ್ಪೆ, ಮುಂಡಗೋಡು, ಕೊಳ್ಳೇಗಾಲ ಹಾಗೂ ಹುಣಸೂರು ಕಡೆಗಳಲ್ಲಿ ಅವರಿಗೆ ಜಮೀನು ನೀಡಿತು. 1433ರಲ್ಲಿ ಟಿಬೆಟಿನಲ್ಲಿ ಸ್ಥಾಪನೆಯಾಗಿದ್ದ ಗ್ಯುಮೆ ತಾಂತ್ರಿಕ ಮಠವು ಗುರುಪುರದಲ್ಲಿ ಮರುಜೀವ ಪಡೆಯಿತು.

ಟಿಬೆಟನ್ ಮಠಗಳ ಪೂಜೆಯಲ್ಲಿ ಊದುವ ವಾದ್ಯಗಳಿಗೆ ದೊಡ್ಡ ಸ್ಥಾನವಿದೆ. ದುಂಗ್‌ಚೆನ್ ಎಂಬುದು ಸುಮಾರು 3 ಮೀಟರ್ ಉದ್ದದ ಲೋಹದ ಕಹಳೆ. ಗ್ಯಾಲಿಂಗ್ ನಮ್ಮ ಓಲಗದ ಬಂಧು. ದುಂಗ್‌ಕಾರ್ ಎಂದರೆ ಶಂಖ. ಇವುಗಳ ಜೊತೆ ತಾಳ ಮತ್ತು ನಗಾರಿ ಇರುತ್ತವೆ.

ದುಂಗ್‌ಚೆನ್‌ಗಳನ್ನು ಸಾಮಾನ್ಯವಾಗಿ ಜೋಡಿಯಾಗಿ ಊದುತ್ತಾರೆ. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ನಾದವನ್ನು ಮುಂದುವರಿಸುತ್ತಾರೆ. ಗ್ಯಾಲಿಂಗ್ ಊದುವವರು ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರದೂಡುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ. ಹೀಗಾಗಿ ನಾದ ಕಡಿಯುವುದಿಲ್ಲ. ಸಾಂತ್‌ಮಾರಿ ಹಬ್ಬದ ಮೆರವಣಿಗೆಯಲ್ಲಿ ಬ್ಯಾಂಡ್ ಊದಿದವರಿಗೆ ಇದರ ಕಷ್ಟ ಗೊತ್ತು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ಕಲಿಯಬೇಕು.

ಈ ಕಹಳೆಗಳು ಯುದ್ಧಕ್ಕಾಗಿ ಅಲ್ಲ, ಪೂಜೆಗಾಗಿ ಮೊಳಗುತ್ತವೆ. ಆದರೂ ಅದರಲ್ಲಿ ಪ್ರತಿರೋಧವಿದೆ. 1966ರಿಂದ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಟಿಬೆಟಿನ ಮಠಗಳು ನಾಶವಾಗಿ, ಪೂಜಾವಸ್ತುಗಳು ಕರಗಿಹೋದಾಗಲೂ ಭಾರತದ ಶಿಬಿರಗಳಲ್ಲಿ ಈ ನಾದ ನಿಲ್ಲಲಿಲ್ಲ.

ಇಂದಿನ ಆತಂಕ ಬೇರೆ. 2008ರ ನಂತರ ಟಿಬೆಟಿನಿಂದ ಬರುವವರ ಸಂಖ್ಯೆ ತೀರಾ ಕಡಿಮೆಯಾಗಿದೆ. ಶಿಬಿರಗಳ ಯುವಜನರು ಕೆಲಸ ಹುಡುಕಿಕೊಂಡು ನಗರಗಳಿಗೆ, ವಿದೇಶಗಳಿಗೆ ಹೋಗುತ್ತಿದ್ದಾರೆ. ಮಕ್ಕಳನ್ನು ಗಲ್ಫಿಗೆ ಕಳುಹಿಸಿದ ಕರಾವಳಿಯ ನಮಗೆ ಈ ನೋವು ಹೊಸದಲ್ಲ.

ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ನಾದವನ್ನು ಕಾಪಾಡಲು ಮಾತ್ರ ಉಸಿರು ಬೇಕು, ಒಬ್ಬರು ದಣಿದಾಗ ಮುಂದುವರಿಸಲು ಪಕ್ಕದಲ್ಲಿ ಇನ್ನೊಬ್ಬರು ಬೇಕು.